ಯುವಿಕಾಗೆ ಕಾಯಲೋ, ಯೂನಿವರ್ಸಿಟಿ ಸಮ್ಮರ್ ಪ್ರೋಗ್ರಾಂಗೆ ದುಡ್ಡು ಕಟ್ಟಲೋ?

ಮೋಕದ ಹುಡುಗಿ:
ಬಳ್ಳಾರಿ ಹತ್ತಿರ ಮೋಕದಲ್ಲಿ ಒಂಬತ್ತನೇ ಕ್ಲಾಸು ಓದುತ್ತಿದ್ದೇನೆ. ಶಾಲಾ ಮಕ್ಕಳಿಗಾಗಿ ಇಸ್ರೋ ನಡೆಸುವ ಬಾಹ್ಯಾಕಾಶ ವಿಜ್ಞಾನ ಶಿಬಿರ ಯುವಿಕಾಗೆ ಅರ್ಜಿ ಹಾಕಿದ್ದೇನೆ, ಕ್ವಿಜ್ಜೂ ಮುಗಿಸಿದ್ದೇನೆ, ಲಿಸ್ಟು ಇನ್ನೂ ಬಂದಿಲ್ಲ. ಅಷ್ಟರಲ್ಲಿ ದೆಹಲಿ ಕಡೆಯ ಒಂದು ಖಾಸಗಿ ಯೂನಿವರ್ಸಿಟಿಯ ಎರಡು ವಾರದ ಸಮ್ಮರ್ ಪ್ರೋಗ್ರಾಂಗೆ ಸೆಲೆಕ್ಟ್ ಆಗಿದ್ದೀರಿ ಅಂತ ಮೇಲ್ ಬಂತು. ಫೀಸು 60,000 ರೂಪಾಯಿ. ಶುಕ್ರವಾರದೊಳಗೆ 15,000 ಕಟ್ಟಬೇಕಂತೆ, ಆಮೇಲೆ ವಾಪಸ್ ಕೊಡಲ್ಲವಂತೆ. ಎರಡೂ ಮೇ ತಿಂಗಳಲ್ಲೇ. ಅಪ್ಪ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿದ್ದಾರೆ, ಸಾಲ ಮಾಡಿಯಾದರೂ ಕಟ್ಟುತ್ತೇನೆ ಅನ್ನುತ್ತಾರೆ. ನನಗೆ ಅದೇ ಭಯ. ಮುಂದೆ ಕಾಲೇಜ್ ಸೀಟಿಗೆ ಆ ಸರ್ಟಿಫಿಕೇಟ್ ಉಪಯೋಗ ಆಗುತ್ತದಾ? ಯುವಿಕಾ ಸಿಗದೆ ಹೋದರೆ ಎರಡೂ ಕೈತಪ್ಪುತ್ತವೆ ಅಲ್ವಾ?

ಕೋಟೆಗುಡ್ಡ:
ತಂಗಿ, ದುಡ್ಡು ಕಟ್ಟಬೇಡ. ಯುವಿಕಾಗೆ ಹೋಗಲು ಸಿಗುವುದು ಒಂಬತ್ತನೇ ಕ್ಲಾಸಿನಲ್ಲಿ ಮಾತ್ರ, ಒಂದೇ ಸಲ. ಯೂನಿವರ್ಸಿಟಿಯವರು ನಡೆಸುವ ಇಂಥ ಪ್ರೋಗ್ರಾಂಗಳು ಎಸ್ಸೆಸ್ಸೆಲ್ಸಿ ಆದಮೇಲೂ ಇರುತ್ತವೆ, ಫಸ್ಟ್ ಪಿಯುನಲ್ಲೂ ಇರುತ್ತವೆ. ಇನ್ನು ಸೀಟಿನ ವಿಷಯ. ಇಲ್ಲಿ ಇಂಜಿನಿಯರಿಂಗ್‌ಗೆ ಸಿಇಟಿ, ಐಐಟಿಗೆ ಜೆಇಇ, ವಿಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಐಸರ್‌ಗೆ ಅವರದೇ ಪರೀಕ್ಷೆ. ಅಲ್ಲಿ ಯಾರೂ ಸಮ್ಮರ್ ಸರ್ಟಿಫಿಕೇಟ್ ಕೇಳುವುದಿಲ್ಲ. ಹೊರದೇಶದಲ್ಲಿ ಓದುವ ಯೋಚನೆ ಇದ್ದರೆ ಅರ್ಜಿಯಲ್ಲಿ ಬರೆದುಕೊಳ್ಳಬಹುದು, ಆದರೆ ಅಲ್ಲೂ ದುಡ್ಡು ಕೊಟ್ಟು ಹೋದದ್ದಕ್ಕಿಂತ ನೀನು ಏನು ಮಾಡಿದೆ ಅನ್ನುವುದನ್ನೇ ಜಾಸ್ತಿ ನೋಡುತ್ತಾರೆ. ಸಾಲ ಮಾಡಿ ಹೋಗುವಂಥದ್ದು ಅದರಲ್ಲಿ ಏನೂ ಇಲ್ಲ.

ಸಿರುಗುಪ್ಪದ ಅಕ್ಕ:
ನಾನು ಫಸ್ಟ್ ಪಿಯುನಲ್ಲಿ ಅಂಥದ್ದೇ ಒಂದಕ್ಕೆ ಹೋಗಿದ್ದೆ, ಅರ್ಧ ಫೀಸು ಬಿಟ್ಟಿದ್ದರು. ಕೆಟ್ಟದ್ದು ಅಂತ ಹೇಳಲಾರೆ. ಕನ್ನಡ ಮೀಡಿಯಂನಿಂದ ಹೋದವಳಿಗೆ ಮೊದಲ ಮೂರು ದಿನ ಮಾತೇ ಬರಲಿಲ್ಲ, ಆಮೇಲೆ ಒಂದು ಗುಂಪಿನ ಜೊತೆ ನೀರಿನ ಪರೀಕ್ಷೆಯ ಪ್ರಾಜೆಕ್ಟ್ ಮಾಡಿ ಎಲ್ಲರ ಮುಂದೆ ನಿಂತು ಹೇಳಿದೆ, ಆ ಧೈರ್ಯ ಇವತ್ತಿಗೂ ಇದೆ. ಆದರೆ ಪೂರ್ತಿ ಫೀಸು ಅಂದಿದ್ದರೆ ಹೋಗುತ್ತಿರಲಿಲ್ಲ. ನೀನೂ ಇವತ್ತೇ ಮೇಲ್ ಬರಿ. ಫೀಸು ಬಿಡುತ್ತೀರಾ, ಹದಿನೈದು ದಿನ ಟೈಮ್ ಕೊಡುತ್ತೀರಾ, ದಿನಾ ಎಷ್ಟು ಹೊತ್ತು ಲ್ಯಾಬ್ ಇರುತ್ತದೆ, ಪಾಠ ಮಾಡುವವರು ಪ್ರೊಫೆಸರುಗಳೋ ಕಾಲೇಜು ಹುಡುಗರೋ ಅಂತ ಕೇಳು. ಉತ್ತರ ಬರದಿದ್ದರೆ ಬಿಟ್ಟುಬಿಡು.

ಮೋಕದ ಹುಡುಗಿ:
ಮೇಲ್ ಕಳಿಸಿದೆ ಅಕ್ಕ. ಯುವಿಕಾ ಸಿಗುವ ಸಾಧ್ಯತೆ ಎಷ್ಟಿರುತ್ತದೆ? ಎಂಟನೇ ಕ್ಲಾಸಿನಲ್ಲಿ 91 ಪರ್ಸೆಂಟ್ ಬಂದಿದೆ.

ವಿಜ್ಞಾನ ಮೇಷ್ಟ್ರು:
ಖಚಿತವಾಗಿ ಯಾರೂ ಹೇಳಲಾರರು ಮಗಳೇ. ಎಂಟನೇ ಕ್ಲಾಸಿನ ಅಂಕಕ್ಕೆ 50 ಪರ್ಸೆಂಟ್ ತೂಕ, ಕ್ವಿಜ್‌ಗೆ 10, ಪಂಚಾಯತಿ ವ್ಯಾಪ್ತಿಯ ಶಾಲೆಯಲ್ಲಿ ಓದುವವರಿಗೆ 15. ಆ 15 ನಿನ್ನಂಥವರಿಗೇ ಇಟ್ಟಿರುವುದು. ವಿಜ್ಞಾನ ಮೇಳ, ಸ್ಕೌಟ್ಸ್ ಸರ್ಟಿಫಿಕೇಟ್‌ಗಳಿದ್ದರೆ ಅವಕ್ಕೂ ಅಂಕ ಇದೆ. ಊಟ, ವಸತಿ ಎಲ್ಲ ಇಸ್ರೋದ್ದೇ. ಬಿಟ್ಟು ಬರಲು, ಕರೆದುಕೊಂಡು ಬರಲು ಜೊತೆಗೆ ಬರುವ ಒಬ್ಬರ ರೈಲು ಚಾರ್ಜನ್ನೂ ಕೊಡುತ್ತಾರೆ, ಆದ್ದರಿಂದ ಅಪ್ಪನಿಗೆ ಟಿಕೆಟ್ ಜೋಪಾನವಾಗಿ ಇಟ್ಟುಕೊಳ್ಳಲು ಹೇಳು. ನಾಳೆಯೇ ಹೆಡ್‌ಮಾಸ್ಟರ್ ಹತ್ತಿರ ಹೋಗಿ ದಾಖಲೆಗಳಿಗೆ ಸಹಿ ಮಾಡಿಸಿಟ್ಟುಕೋ, ಲಿಸ್ಟು ಬಂದಮೇಲೆ ಓಡಾಡಲು ಟೈಮ್ ಇರುವುದಿಲ್ಲ.