ಇಂಜೆಕ್ಷನ್ ಉರಿ, ಕಳಚುವ ಸೂಜಿ, ಸೋರುವ ಕಾರ್ಟ್ರಿಜ್: ಮಷೀನ್ ತಗೊಳ್ಳೂ ಮೊದಲ

ಪ್ರಶ್ನೆ (ಮುಧೋಳ, ಹೊಸ ಹಲ್ಲಿನ ಕ್ಲಿನಿಕ್):
ಸರ್, ಮೇಡಂ, ನಮಸ್ಕಾರ್ರಿ. 30 ಮಿ.ಲೀ. ಲಿಗ್ನೋಕೇನ್ 2% (ಜೋಮು ಹಿಡಿಸೋ ಮದ್ದು) ಬಾಟಲಿ, 2 ಮಿ.ಲೀ. ಡಿಸ್ಪೋಸೆಬಲ್ ಸಿರಿಂಜ್, 24 ಗೇಜ್ ಒಂದ ಇಂಚಿನ ಸೂಜಿ ಬಳಸ್ತೀನಿ. ಮದ್ದು ಬಿಡೋವಾಗ ಭಾಳ ಉರೀತೈತಿ ಅಂತಾರ ಪೇಷಂಟ್. ಪ್ಯಾಲೇಟಲ್ (ಅಂಗುಳಕ್ಕ) ಕೊಡೋವಾಗ ಸೂಜಿ ಸಿರಿಂಜಿನಿಂದ ಕಳಚಿ ಬರತೈತಿ. ಕಾರ್ಟ್ರಿಜ್ (ಮದ್ದು ತುಂಬಿ ಬರೋ ಗಾಜಿನ ಕೊಳವಿ) ಹಾಕೋ ಸಿರಿಂಜ್ ತಂದ್ರ ಅದು ಸೋರತೈತಿ. ಕಂಪ್ಯೂಟರ್ ಇಂಜೆಕ್ಷನ್ ಮಷೀನ್ ತಗೋರಿ ಅಂತ ಏಜೆಂಟ್ ಗಂಟ ಬಿದ್ದಾನ. ತಗೋಬೇಕೇನ್ರಿ?

ಉತ್ತರ (ಓರಲ್ ಸರ್ಜನ್, ಬೆಳಗಾವಿ):
ಮಷೀನ್ ಮಾತು ಆಮ್ಯಾಲ ಆಡೋಣು. ಮೊದಲ ಸೂಜಿ ನೋಡ್ರಿ. ಕೆಳದವಡೆ ಬ್ಲಾಕ್‌ಗೆ (ನರಕ್ಕ ಜೋಮು ಹಿಡಿಸೋ ಇಂಜೆಕ್ಷನ್) ಸಾಮಾನ್ಯ ವಯಸ್ಕರಲ್ಲಿ 20ರಿಂದ 25 ಮಿ.ಮೀ. ಒಳಗ ಹೋಗಬೇಕು. ನಿಮ್ಮ ಒಂದ ಇಂಚಿನ ಸೂಜಿ ಪೂರ್ತಿ 25 ಮಿ.ಮೀ. ಐತಿ, ಅಂದ್ರ ಹಬ್ (ಸೂಜಿಯ ಬುಡ) ತನಕ ಮುಳುಗತೈತಿ. ಸೂಜಿ ಮುರಿಯೋದು ಹಬ್ಬಿನ ಹತ್ತಿರನ. ಮುಳುಗಿದ್ದು ಮುರಿದ್ರ ಹಿಡಿದು ಎಳೆಯಾಕ ತುದಿ ಹೊರಗ ಉಳಿಯಂಗಿಲ್ಲ. ಒಂದೂವರೆ ಇಂಚಿಂದು, 25 ಗೇಜ್ ಸಿಕ್ರ ಚೊಲೋ, ಇಲ್ಲಂದ್ರ 26 ಗೇಜ್ ತಗೋರಿ. ಗೇಜ್ ಅಂಕಿ ಏರಿ ತೆಳ್ಳಗಾದಷ್ಟು ಸೂಜಿ ಒಳಗ ಬಾಗಿ ದಾರಿ ತಪ್ಪತೈತಿ ಅನ್ನೋದು ನೆನಪಿರಲಿ. ಬ್ಲಾಕ್ ಹಿಡಿಯದ ಇರಾಕ ಅದೂ ಒಂದ ಕಾರಣ. ಸೂಜಿನ ಕೈಲೆ ಬಗ್ಗಿಸಿ ಕೊಡೋ ರೂಢಿ ಇದ್ರ ಇವತ್ತ ಬಿಡ್ರಿ.

ಕಳಚಿ ಬರೋದಕ್ಕ ಕಾರಣ ಸಿರಿಂಜಿನ ಮೂತಿ. ಬರೇ ಒತ್ತಿ ಕೂಡಿಸೋ ಮೂತಿ ಪ್ಯಾಲೇಟಿನ ಒತ್ತಡ ತಾಳಂಗಿಲ್ಲ. ತಿರುಗಿಸಿ ಕೂಡಿಸೋ ಲೂಯರ್ ಲಾಕ್ ಸಿರಿಂಜ್ ತರಸ್ರಿ. ಪೇಷಂಟಿನ ಕಣ್ಣಿಗೆ ಕನ್ನಡಕ ಹಾಕ್ರಿ, ನೀವೂ ಹಾಕ್ಕೋರಿ.

ಬಾಟಲಿಯಿಂದ ಎಳೆಯೋ ಸೂಜಿ ಬ್ಯಾರೆ, ಚುಚ್ಚೋ ಸೂಜಿ ಬ್ಯಾರೆ ಇರಬೇಕು. ರಬ್ಬರ್ ಚುಚ್ಚಿದ ಮ್ಯಾಲ ತುದಿ ಮೊಂಡ ಆಗತೈತಿ. ರಬ್ಬರಿಗೆ 70% ಆಲ್ಕೋಹಾಲ್ ಒರೆಸಿ ಒಣಗಾಕ ಬಿಡ್ರಿ. ಎಷ್ಟ ಮದ್ದು ಬೇಕೋ ಅಷ್ಟ ಗಾಳಿ ಒಳಗ ಬಿಟ್ಟು ಎಳೀರಿ. ಅದೇ ಪೇಷಂಟಿಗೆ ಇನ್ನೊಮ್ಮೆ ಬೇಕಾದ್ರೂ ಹೊಸ ಸಿರಿಂಜ್, ಹೊಸ ಸೂಜಿ. ಬಾಯಿಗೆ ಹೋಗಿ ಬಂದದ್ದು ಬಾಟಲಿಗೆ ಯಾವತ್ತೂ ಹೋಗಬಾರದು. ತೆರೆದ ತಾರೀಖು ಬಾಟಲಿ ಮ್ಯಾಲ ಬರೀರಿ, 28 ದಿನ ಆದ ಮ್ಯಾಲ ಉಳಿದದ್ದು ಬಳಸಬ್ಯಾಡ್ರಿ.

ಕಾರ್ಟ್ರಿಜ್ ಸೋರಿದ್ರ ನೀವು ಸೂಜಿ ಮೊದಲ ಹಾಕ್ತಿರಬೇಕು, ಇಲ್ಲಾ ಓರೆ ಹಾಕ್ತಿರಬೇಕು. ಲೋಹದ ಆಸ್ಪಿರೇಟಿಂಗ್ (ಹಿಂದಕ್ಕ ಎಳೆದು ರಕ್ತ ಬರತೈತೇನು ನೋಡೋ) ಸಿರಿಂಜಿನ ಕ್ರಮ ಹೀಂಗ: ಪಿಸ್ಟನ್ ಪೂರ್ತಿ ಹಿಂದ ಎಳೀರಿ, ರಬ್ಬರ್ ಬಿರಡೆ ಪಿಸ್ಟನ್ ಕಡೆ ಬರೋ ಹಂಗ ಕಾರ್ಟ್ರಿಜ್ ಕೂಡಸ್ರಿ, ಹಾರ್ಪೂನ್ (ಪಿಸ್ಟನ್ ತುದಿಯ ಕೊಕ್ಕೆ) ಬಿರಡೆಗೆ ಹಿಡಿಯೋ ತನಕ ಬೆರಳಿಂದ ಒತ್ರಿ, ಆಮ್ಯಾಲ ಸೂಜಿ ನೆಟ್ಟಗ ತಿರುಗಸ್ರಿ. ಓರೆ ಹೋದ್ರ ಡಯಾಫ್ರಮ್ಮಿನ (ಸೂಜಿ ಚುಚ್ಚೋ ಕಡೆಯ ರಬ್ಬರ್ ಪರದೆ) ತೂತು ಉದ್ದ ಆಗಿ ಅಲ್ಲಿಂದ ಸೋರತೈತಿ. ಹಾರ್ಪೂನ್ ಕೂಡಲಿಲ್ಲಂತ ಬಾಯಿಯೊಳಗ ಇದ್ದಾಗ ಅಂಗೈಲೆ ಗುದ್ದಬ್ಯಾಡ್ರಿ, ಗಾಜು ಒಡೆಯತೈತಿ.

ಪ್ರಶ್ನೆ (ಮುಧೋಳ):
ಕಾರ್ಟ್ರಿಜ್ ಒಳಗ ಗುಳ್ಳಿ ಕಂಡ್ರ ಎಸೀಬೇಕೇನ್ರಿ?

ಉತ್ತರ (ಓರಲ್ ಸರ್ಜನ್, ಬೆಳಗಾವಿ):
1–2 ಮಿ.ಮೀ. ಗುಳ್ಳಿ ಅಂದ್ರ ತುಂಬೋವಾಗಿನ ನೈಟ್ರೋಜನ್, ಏನೂ ಆಗಂಗಿಲ್ಲ. ಗುಳ್ಳಿ ದೊಡ್ಡದಿದ್ದು ಬಿರಡೆನೂ ಹೊರಗ ಬಂದಿದ್ರ ಅದು ಹೆಪ್ಪುಗಟ್ಟಿ ಕರಗಿದ್ದು, ಎಸೀರಿ. ಗುಳ್ಳಿ ಇಲ್ಲದ ಬಿರಡೆ ಅಷ್ಟ ಹೊರಗ ಬಂದಿದ್ರ ಸ್ಪಿರಿಟಿನ್ಯಾಗ ನೆನೆಸಿಟ್ಟಾರ ಅಂತ ತಿಳೀರಿ. ಸ್ಪಿರಿಟ್ ಡಯಾಫ್ರಮ್ ದಾಟಿ ಒಳಗ ಸೇರತೈತಿ. ಅದನ್ನ ಚುಚ್ಚಿದ್ರ ಉರಿ ಅಷ್ಟ ಅಲ್ಲ, ಜೋಮು ದಿನಗಟ್ಟಲೆ ಬಿಡದ ಹೋಗಬಹುದು. ಅಸಿಸ್ಟಂಟಿಗೆ ಇದನ್ನ ಮೊದಲ ಕಲಸ್ರಿ: ನೆನೆಸೋದು ಬ್ಯಾಡ, ಆಟೋಕ್ಲೇವ್ ಬ್ಯಾಡ, ಒರೆಸಿದ್ರ ಸಾಕು.

ಪ್ರಶ್ನೆ (ಇಳಕಲ್):
ಉರಿ ಕಡಿಮಿ ಮಾಡಾಕ ಸೋಡಾ ಬೈಕಾರ್ಬ್ ಕೂಡಸ್ತಾರಲ್ರಿ, ಪ್ರಮಾಣ ಎಷ್ಟ?

ಉತ್ತರ (ಓರಲ್ ಸರ್ಜನ್, ಬೆಳಗಾವಿ):
ಮದ್ದಿನ್ಯಾಗ ಕೂಡಿಸಿದ ಅಡ್ರಿನಲಿನ್ (ರಕ್ತನಾಳ ಕುಗ್ಗಿಸಿ ಜೋಮು ಹೆಚ್ಚು ಹೊತ್ತು ಉಳಿಸೋದು) ಕೆಡಬಾರದಂತ ಮದ್ದನ್ನ ಹುಳಿಯಾಗಿ ಇಟ್ಟಿರ್ತಾರ, ಪಿಎಚ್ 3.5–4.5ರ ಆಸುಪಾಸು. ಉರಿ ಬರೋದು ಅದರಿಂದ. ಅವಧಿ ಮುಗೀಲಿಕ್ಕೆ ಬಂದ ಬಾಟಲಿ ಇನ್ನೂ ಹೆಚ್ಚು ಉರೀತೈತಿ. 2 ಮಿ.ಲೀ. ಮದ್ದಿಗೆ 8.4% ಸೋಡಿಯಂ ಬೈಕಾರ್ಬೊನೇಟ್ 0.2 ಮಿ.ಲೀ., ಅಂದ್ರ ಹತ್ತಕ್ಕ ಒಂದು. ಹೆಚ್ಚಾದ್ರ ಬೆಳ್ಳಗ ಒಡೀತೈತಿ. ಮಸುಕಾದ್ರ ಚುಚ್ಚಬ್ಯಾಡ್ರಿ. ಅಳಿಯಾಕ 1 ಮಿ.ಲೀ. ಟ್ಯುಬರ್ಕುಲಿನ್ ಸಿರಿಂಜ್ ತಗೋರಿ. ಇನ್ಸುಲಿನ್ ಸಿರಿಂಜಿನ್ಯಾಗ ಅಳೆದ್ರ ಗೊಂದಲ ಆಗತೈತಿ, ಯಾಕಂದ್ರ 0.2 ಮಿ.ಲೀ. ಅಂದ್ರ ಯು-40ರಲ್ಲಿ 8 ಯುನಿಟ್, ಯು-100ರಲ್ಲಿ 20. ಕೂಡಿಸಿದ ಕೂಡಲೆ ಕೊಟ್ಟುಬಿಡ್ರಿ, ಪಿಎಚ್ ಏರಿದ್ರ ಅಡ್ರಿನಲಿನ್ ಲಗೂನ ಸಾಯತೈತಿ. ಇಡೀ ಬಾಟಲಿಗೆ ಸುರುವೋ ಕೆಲಸ ಮಾಡಬ್ಯಾಡ್ರಿ. ಬುಪಿವಕೇನ್ ಅನ್ನೋ ಇನ್ನೊಂದು ಜೋಮಿನ ಮದ್ದಿಗೆ ಈ ಪ್ರಮಾಣ ನಡೆಯಂಗಿಲ್ಲ, ಅದು ಭಾಳ ಸುಲಭ ಒಡೀತೈತಿ.

ಆದ್ರ ಬೈಕಾರ್ಬಿಗೆ ಕೈ ಹಾಕೂ ಮೊದಲ ವೇಗ ನೋಡ್ರಿ. ನಿಮಿಷಕ್ಕ 1 ಮಿ.ಲೀ. ಸರಿಯಾದ ವೇಗ. 1.8 ಮಿ.ಲೀ. ಕಾರ್ಟ್ರಿಜ್ ಒಂದ ನಿಮಿಷಕ್ಕಿಂತ ಮೊದಲ ಖಾಲಿ ಆಗಲೇಬಾರದು. ಗೋಡೆ ಗಡಿಯಾರ ನೋಡಿ ಕೊಡ್ರಿ. ಬಿಡೂ ಮೊದಲ ಆಸ್ಪಿರೇಟ್ ಮಾಡ್ರಿ, ಸಿರಿಂಜ್ ಸ್ವಲ್ಪ ತಿರುಗಿಸಿ ಇನ್ನೊಮ್ಮೆ ಮಾಡ್ರಿ. ಕೆಳದವಡೆ ಬ್ಲಾಕಿನ್ಯಾಗ ನೂರಕ್ಕ 10–15 ಸಲ ರಕ್ತ ಬರತೈತಿ.

ಉತ್ತರ (ಮಕ್ಕಳ ದಂತವೈದ್ಯೆ, ವಿಜಯಪುರ):
ಸರ್ ಹೇಳಿದ ವೇಗಾನ ಮಷೀನಿನ ಗುಟ್ಟು. 1997ರಲ್ಲಿ ಬಂದ ದಿ ವಾಂಡ್ ಮಾದರಿ ಮಷೀನ್‌ಗಳು ಎರಡ ಸೆಕೆಂಡಿಗೆ ಸುಮಾರು ಒಂದ ಹನಿಯಂಗ ಬಿಡತಾವ. ಪ್ಯಾಲೇಟಲ್, ಲಿಗಮೆಂಟ್ (ಹಲ್ಲಿನ ಬೇರಿನ ಸುತ್ತಲಿನ ನಾರು) ಇಂಜೆಕ್ಷನ್‌ಗೆ ಚೊಲೋ. ಹಿಡಿಕೆ ಪೆನ್ನಿನಂಗ ಇರೋದರಿಂದ ಹುಡುಗರು ಅಂಜೋದೂ ಕಡಿಮಿ. ಆದ್ರ ಅದಕ್ಕ ಕಾರ್ಟ್ರಿಜ್ ಬೇಕು, ಪ್ರತಿ ಪೇಷಂಟಿಗೆ ಹೊಸ ನಳಿಕೆ ಬೇಕು, ನಳಿಕೆಯೊಳಗ ಸ್ವಲ್ಪ ಮದ್ದು ಉಳೀತೈತಿ. ಬೆಲೆ ಕೇಳೋವಾಗ ಮಷೀನಿಂದಷ್ಟ ಅಲ್ಲ, ನಳಿಕೆದೂ ಕೇಳ್ರಿ. ಲಾಕ್ ಸಿರಿಂಜ್, ಉದ್ದ ಸೂಜಿ, ಜೋಮಿನ ಜೆಲ್ ಹಚ್ಚಿ ಎರಡ ನಿಮಿಷ ಕಾಯೋದು, ನಿಧಾನ: ಇಷ್ಟನ್ನ ಮೂರ ತಿಂಗಳ ಮಾಡಿ, ಆಮ್ಯಾಲ ಬೇಕಂದ್ರ ತಗೋರಿ.

ಮಕ್ಕಳಿಗೆ ಸಿರಿಂಜ್ ತುಂಬೂ ಮೊದಲ ತೂಕ ಹಾಕ್ರಿ. 2% ಅಂದ್ರ ಮಿ.ಲೀ.ಗೆ 20 ಮಿ.ಗ್ರಾಂ. ಕಿಲೋಗೆ 4.4 ಮಿ.ಗ್ರಾಂ ಲೆಕ್ಕಕ್ಕ 15 ಕಿಲೋ ಕೂಸಿಗೆ 66 ಮಿ.ಗ್ರಾಂ, ಅಂದ್ರ 3.3 ಮಿ.ಲೀ. ಅದು ಮೇಲಿನ ಗಡಿ, ಗುರಿ ಅಲ್ಲ. ಎರಡೂ ಕಡೆ ಬ್ಲಾಕಿಗೆ 1.8 ಮಿ.ಲೀ.ಯಂಗ ಕೊಟ್ರ 3.6 ಆಗಿ ಗಡಿ ದಾಟತೈತಿ.

ಇನ್ನೊಂದು, ಮುಧೋಳದವರು ಅಡ್ರಿನಲಿನ್ ಎಷ್ಟಂತ ಬರೆದಿಲ್ಲ. ಬಾಟಲಿ 1:80,000ದ್ದೂ ಬರತೈತಿ, 1:200,000ದ್ದೂ ಬರತೈತಿ. ಮೊದಲನೇದ್ರಾಗ ಮಿ.ಲೀ.ಗೆ 12.5 ಮೈಕ್ರೋಗ್ರಾಂ, ಎರಡನೇದ್ರಾಗ 5. ಹೃದಯದ ಪೇಷಂಟಿಗೆ 40 ಮೈಕ್ರೋಗ್ರಾಂ ಗಡಿ ಹಿಡಿದ್ರ ಮೊದಲನೇದ್ರಾಗ 3.2 ಮಿ.ಲೀ.ಗೆ ಮುಗೀತು. ಲೇಬಲ್ ಓದದ ಎಳೀಬ್ಯಾಡ್ರಿ.

ಪ್ರಶ್ನೆ (ಸಿಂದಗಿ):
ಬ್ಯಾಸಿಗ್ಯಾಗ ಬಾಟಲಿ ಎಲ್ಲಿ ಇಡಬೇಕ್ರಿ? ಬಳಸಿದ ಕಾರ್ಟ್ರಿಜ್ ಯಾವ ಡಬ್ಬಿಗೆ?

ಉತ್ತರ (ಮಕ್ಕಳ ದಂತವೈದ್ಯೆ, ವಿಜಯಪುರ):
ನಮ್ಮ ಕಡೆ ಏಪ್ರಿಲ್–ಮೇನ್ಯಾಗ 40 ಡಿಗ್ರಿ ದಾಟತೈತಿ, ಕರೆಂಟ್ ಹೋದ ಮುಚ್ಚಿದ ಕ್ಲಿನಿಕ್ಕಿನ್ಯಾಗ ಅಡ್ರಿನಲಿನ್ ಉಳಿಯಂಗಿಲ್ಲ. ಲೇಬಲ್ಲಿನ ತಾಪಮಾನ ಪಾಲಸ್ರಿ, ಬೆಳಕಿಗೆ ಇಡಬ್ಯಾಡ್ರಿ. ಫ್ರಿಜ್ಜಿನ್ಯಾಗ ಇಟ್ರ ಫ್ರೀಜರಿಗೆ ತಾಗಬಾರದು, ಚುಚ್ಚೂ ಮೊದಲ ಕೋಣೆಯ ತಾಪಕ್ಕ ಬರಲಿ. ಬಿಸಿನೀರಿನ್ಯಾಗ ಕಾಯಿಸೋದು ಬ್ಯಾಡ. ಕಂದು ಬಣ್ಣ ಕಂಡ್ರ ಎಸೀರಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತ ಸೂಜಿ ತೂತಾಗದ ಬಿಳಿ ಡಬ್ಬಿಗೆ, ಗಾಜಿನ ಕಾರ್ಟ್ರಿಜ್ ಮತ್ತ ಬಾಟಲಿ ನೀಲಿ ಗುರುತಿನ ಡಬ್ಬಿಗೆ, ಸೂಜಿ ತೆಗೆದ ಪ್ಲಾಸ್ಟಿಕ್ ಸಿರಿಂಜ್ ಕೆಂಪು ಚೀಲಕ್ಕ. ಕ್ಯಾಪ್ ಹಾಕಲೇಬೇಕಂದ್ರ ಟ್ರೇ ಮ್ಯಾಲ ಇಟ್ಟು ಒಂದ ಕೈಲೆ ಎತ್ರಿ, ಇನ್ನೊಂದ ಕೈ ಹತ್ತಿರ ತರಬ್ಯಾಡ್ರಿ.