ವೃದ್ಧಾಪ್ಯದ ಕಿವುಡಿಗೂ ದಿನನಿತ್ಯದ ರೂಢಿಗಳಿಗೂ ನಂಟಿದೆಯೇ?

ಪ್ರಶ್ನೆ (ತೀರ್ಥಹಳ್ಳಿ): ಎಪ್ಪತ್ತು ದಾಟಿದ ನಮ್ಮ ತಂದೆಯವರಿಗೆ ಮಾತು ಕೇಳಿಸಿದರೂ ‘ಸ’, ‘ಶ’ ಸ್ಪಷ್ಟವಾಗುವುದಿಲ್ಲ. ಬೀಡಿ, ಸಕ್ಕರೆ ಕಾಯಿಲೆ, ಅಡಿಕೆ ತೋಟದಲ್ಲಿ ವರ್ಷಗಟ್ಟಲೆ ಕೇಳಿದ ಕಳೆ ಕೊಚ್ಚುವ ಯಂತ್ರದ ಸದ್ದು, ಇವುಗಳಲ್ಲಿ ಯಾವುದು ಕಾರಣವಿರಬಹುದು?

ಉತ್ತರ (ಸಾಗರ): ಒಂದನ್ನೇ ಬೊಟ್ಟು ಮಾಡುವುದು ಕಷ್ಟ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ; 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ದಿನವಿಡೀ ದುಡಿದರೆ ಅವು ನಶಿಸುತ್ತವೆ, ಧೂಮಪಾನ ಮತ್ತು ಮಧುಮೇಹ ಅಲ್ಲಿನ ಕಿರು ರಕ್ತನಾಳಗಳನ್ನು ಕೆಡಿಸಿ ಹಾನಿಯನ್ನು ಹೆಚ್ಚಿಸಬಲ್ಲವು.

ಉತ್ತರ (ಹೊಸನಗರ): ಯಂತ್ರ ಹಿಡಿಯುವಾಗ ಕಿವಿಗೆ ಹತ್ತಿ ತುರುಕಿದರೆ ಸಾಲದು, ಇಯರ್‌ಮಫ್ (ಇಡೀ ಕಿವಿ ಮುಚ್ಚುವ ರಕ್ಷಾಕವಚ) ಬೇಕು, ನಮ್ಮ ಕಡೆಯವರು ಅದನ್ನು ಹಾಕಿಕೊಳ್ಳಲು ನಾಚುತ್ತಾರೆ ಎಂಬುದು ಬೇರೆ ಮಾತು.

ಉತ್ತರ (ಶಿವಮೊಗ್ಗ): ಮೊದಲು ವೈದ್ಯರಲ್ಲಿ ಕಿವಿಯ ಗುಗ್ಗೆ ತೆಗೆಸಿ, ಬಳಿಕ ಆಡಿಯೋಗ್ರಾಂ (ಕೇಳುವ ಶಕ್ತಿಯ ಪರೀಕ್ಷೆ) ಮಾಡಿಸಿ.