ವಾಚ್‌ನಲ್ಲಿ ಬಡಿತ ಏರದಿದ್ದರೆ ನಡಿಗೆ ದಂಡವೇ?

ಪ್ರಶ್ನೆ: ನನಗೆ 48 ವರ್ಷ. ಬಿಪಿಗೆ ಮೆಟೊಪ್ರೊಲಾಲ್ ಮಾತ್ರೆ ತಗೋತೀನಿ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆಯುತ್ತೇನೆ, ಬೆವರೂ ಬರುತ್ತದೆ. ಆದರೆ ವಾಚ್‌ನಲ್ಲಿ ಬಡಿತ 105 ದಾಟುವುದೇ ಇಲ್ಲ. ಹೃದಯಕ್ಕೆ ಏನಾದರೂ ಲಾಭ ಇದೆಯಾ, ಇಲ್ಲ ಸುಮ್ನೆ ಚಪ್ಪಲಿ ಸವೆಸುತ್ತಿದ್ದೇನಾ?

ಉತ್ತರ (ಹೃದ್ರೋಗ ತಜ್ಞೆ): ಲಾಭ ಖಂಡಿತ ಇದೆ. ನಿಮ್ಮದು ಬೀಟಾ ಬ್ಲಾಕರ್ ಮಾತ್ರೆ. ಬಡಿತವನ್ನು ಏರಗೊಡದೆ ಹಿಡಿದಿಡುವುದೇ ಅದರ ಕೆಲಸ. ಪಾಪ, ವಾಚ್‌ಗೆ ಅದು ಹೇಗೆ ಗೊತ್ತಾಗಬೇಕು? ಹೃದಯ ನಿಮಿಷಕ್ಕೆ ಗರಿಷ್ಠ ಎಷ್ಟು ಬಡಿಯಬಹುದು ಅಂತ 220ರಿಂದ ವಯಸ್ಸು ಕಳೆಯುವ ಲೆಕ್ಕ ಮಾತ್ರೆ ಇಲ್ಲದವರಿಗೂ ಬರೀ ಅಂದಾಜು. ಹಾಗಂತ ಅಂಕಿ ಏರಲಿ ಅಂತ ಮಾತ್ರೆ ಬಿಡಬೇಡಿ. ಇದನ್ನು ದಿಢೀರ್ ನಿಲ್ಲಿಸುವುದು ಅಪಾಯ.

ವಾಚ್ ಬದಲು ನಿಮ್ಮ ಉಸಿರು ನೋಡಿಕೊಳ್ಳಿ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಮಧ್ಯಮ ವೇಗ. ನಾಲ್ಕು ಪದಕ್ಕೇ ಏದುಸಿರು ಬಂದರೆ ಅದು ಜೋರಿನ ವ್ಯಾಯಾಮ.

ಒಳಗೆ ಆಗುವುದು ಇಷ್ಟು: ರಕ್ತ ರಭಸವಾಗಿ ಹರಿದಾಗ ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಸಡಿಲವಾಗುತ್ತದೆ. ತಿಂಗಳುಗಟ್ಟಲೆ ಬಿಡದೆ ನಡೆದರೆ, ಬಿಪಿ ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಿಂದ 8ರಷ್ಟು ಇಳಿಯುತ್ತದೆ. ಸ್ನಾಯುಗಳು ಸಕ್ಕರೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತವೆ. ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳಲು ಕಲಿಯುತ್ತದೆ. ಇದಾವುದಕ್ಕೂ ವಾಚ್‌ನ ಒಪ್ಪಿಗೆ ಬೇಕಿಲ್ಲ!

ಇನ್ನೊಬ್ಬರು: ನನಗೆ ಬಿಡುವು ಸಿಗೋದೇ ಶನಿವಾರ, ಭಾನುವಾರ. ಸಾಕಾ?

ಉತ್ತರ: ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗ, ಅಥವಾ ಅದರ ಅರ್ಧದಷ್ಟು ಜೋರಿನದು. ಎರಡೇ ದಿನದಲ್ಲಿ ಮುಗಿಸಿದರೂ ಹೃದಯಕ್ಕೆ ಹೆಚ್ಚುಕಡಿಮೆ ಅಷ್ಟೇ ಲಾಭ. ಆದರೆ ವರ್ಷಗಟ್ಟಲೆ ಕೂತಿದ್ದು ಒಂದೇ ಸಲ ಓಟಕ್ಕಿಳಿಯಬೇಡಿ.

ಮತ್ತೊಬ್ಬರು: ಕೆಲಸದಲ್ಲಿ ಮೆಟ್ಟಿಲು ಹತ್ತಿಳಿಯುವುದೂ ಲೆಕ್ಕಕ್ಕೆ ಬರುತ್ತಾ?

ಉತ್ತರ: ಬರುತ್ತದೆ. ಓಡಾಟಕ್ಕೂ ಹೃದಯಕ್ಕೂ ಇರುವ ನಂಟಿನ ಅಧ್ಯಯನ ಶುರುವಾಗಿದ್ದೇ ಮೆಟ್ಟಿಲಿನಿಂದ ಅನ್ನಬಹುದು. ಲಂಡನ್‌ನ ಡಬಲ್ ಡೆಕ್ಕರ್ ಬಸ್‌ಗಳಲ್ಲಿ ಡ್ರೈವರ್ ಕೂತೇ ಇರುತ್ತಿದ್ದರು, ಕಂಡಕ್ಟರ್ ದಿನವಿಡೀ ಮೇಲೆ ಕೆಳಗೆ ಓಡಾಡುತ್ತಿದ್ದರು. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಬ್ರಿಟನ್ನಿನ ವೈದ್ಯ-ಸಂಶೋಧಕ ಜೆರ್ರಿ ಮಾರಿಸ್ 1953ರಲ್ಲಿ ತೋರಿಸಿದರು. ಅವರ ಪ್ರಾಮಾಣಿಕತೆ ನನಗಿಷ್ಟ. ಆಮೇಲೆ ಸಮವಸ್ತ್ರದ ಅಳತೆ ತೆಗೆಸಿ, ಡ್ರೈವರ್‌ಗಳ ಸೊಂಟ ಮೊದಲಿಂದಲೇ ದಪ್ಪ ಇತ್ತು ಅಂತಲೂ ಅವರೇ ಬರೆದರು. ಅಂದರೆ ಪೂರ್ತಿ ಶ್ರೇಯಸ್ಸು ಮೆಟ್ಟಿಲಿಗೆ ಕೊಡುವಂತಿಲ್ಲ. ಆದರೂ ಮುಂದೆ ಬಂದ ಎಷ್ಟೋ ಅಧ್ಯಯನಗಳು ಅದೇ ದಿಕ್ಕು ತೋರಿಸಿವೆ.

ಮಗದೊಬ್ಬರು: ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಹೋಗುತ್ತದೆ. ಅಭ್ಯಾಸವಾದರೆ ಸರಿಹೋಗುತ್ತೆ ಅಲ್ವಾ?

ಉತ್ತರ: ಇಲ್ಲ, ವ್ಯಾಯಾಮ ಈಗಲೇ ನಿಲ್ಲಿಸಿ. ಹೃದಯದ ರಕ್ತನಾಳ ಕಿರಿದಾದಾಗ ಹೀಗೇ ಆಗುತ್ತದೆ. ನಾಳೆಯೇ ವೈದ್ಯರನ್ನು ಕಾಣಿ, ಇಸಿಜಿ ಮಾಡಿಸಿ. ಇಸಿಜಿ ಸರಿಯಿದೆ ಅಂತ ಬಂದರೂ ಈ ಲಕ್ಷಣವನ್ನು ಬಿಡಿಸಿ ಹೇಳಿ, ಮುಂದಿನ ಪರೀಕ್ಷೆ ಬೇಕಾಗಬಹುದು. ಕೂತ ಮೇಲೂ ಬಿಗಿತ ಇಳಿಯದಿದ್ದರೆ, ತಣ್ಣನೆ ಬೆವರು ಬಂದರೆ, ನಾಳೆಗೆ ಕಾಯಬೇಡಿ, ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಗಾಡಿ ನೀವೇ ಓಡಿಸಿಕೊಂಡು ಹೋಗಬೇಡಿ.